ಶಿರ್ವದಿಂದ ದೇರಳಕಟ್ಟೆಗೆ ಮೂರು ಬಸ್, ಎರಡು ಜಿಲ್ಲೆ: ಎಲ್ಲರಿಗೂ ಸೇರಿ ಒಂದೇ ಸಾರಿಗೆ ಯೋಜನೆ ಯಾಕಿಲ್ಲ?

ಪ್ರಶ್ನೆ: ನಮ್ಮ ಮನೆ ಶಿರ್ವದ ಹತ್ತಿರ. ನಾನು ದಿನಾ ಸುರತ್ಕಲ್‌ಗೆ ಕೆಲಸಕ್ಕೆ ಹೋಗುತ್ತೇನೆ. ತಿಂಗಳಿಗೆ ಎರಡು ಸಲ ತಾಯಿಯನ್ನು ದೇರಳಕಟ್ಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮೂರು ಬಸ್ ಬದಲಿಸಬೇಕು. ಸಂಜೆ ತಡವಾದರೆ ಕಟಪಾಡಿಯಿಂದ ಮನೆಗೆ ರಿಕ್ಷಾವೇ ಗತಿ. ಪಂಚಾಯಿತಿಯಲ್ಲಿ ಕೇಳಿದರೆ ಅದು ಆರ್‌ಟಿಒ ವಿಷಯ ಅಂತಾರೆ. ಆರ್‌ಟಿಒದಲ್ಲಿ ಕೇಳಿದರೆ ಮಂಗಳೂರಿನವರನ್ನು ಕೇಳಿ ಅಂತಾರೆ. ಉಡುಪಿ, ಮಂಗಳೂರು ಸೇರಿ ಒಂದು ಸಾರಿಗೆ ಯೋಜನೆ ಯಾಕಿಲ್ಲ? ಇಷ್ಟು ವರ್ಷದಲ್ಲಿ ಏನಾಗಿದೆ? ಮೊದಲು ಏನಾಗಬೇಕು? ಮೆಟ್ರೊ ಬರುತ್ತದೆ ಅಂತಾರಲ್ಲ, ಅದನ್ನು ನಂಬಬಹುದಾ?

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ನಾನು ಒಂದು ಹಾಳೆ ತೆಗೆದುಕೊಂಡು ನೀವು ತಾಯಿಯ ಜೊತೆ ಹೋಗುವ ದಾರಿಯನ್ನು ಬರೆದೆ. ದಾರಿಯ ಪಕ್ಕದಲ್ಲಿ, ಎಲ್ಲೆಲ್ಲಿ ಯಾರ ಅಧಿಕಾರ ಅಂತಲೂ ಬರೆದೆ. ಅದನ್ನು ನಿಮಗೂ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ನೀವು ಹೊರಡುವುದು ಶಿರ್ವ ಗ್ರಾಮ ಪಂಚಾಯಿತಿಯಿಂದ. ಕಟಪಾಡಿಗೆ ಬಂದು ಇಳಿದರೆ ರಾಷ್ಟ್ರೀಯ ಹೆದ್ದಾರಿ 66. ರಸ್ತೆ ಹೆದ್ದಾರಿ ಪ್ರಾಧಿಕಾರದ್ದು, ರಸ್ತೆಯ ಪಕ್ಕದ ಅಂಗಡಿ ಸಾಲು ಪಂಚಾಯಿತಿಯದ್ದು. ಮುಂದೆ ಕಾಪು, ಅಲ್ಲಿ ಪುರಸಭೆ. ಪಡುಬಿದ್ರಿ, ಮತ್ತೆ ಪಂಚಾಯಿತಿ. ಹೆಜಮಾಡಿಯ ಟೋಲ್ ದಾಟಿ ಶಾಂಭವಿ ಹೊಳೆಯ ಸೇತುವೆ ಹತ್ತಿದರೆ ಜಿಲ್ಲೆಯೇ ಬದಲಾಯಿತು. ಜಿಲ್ಲಾಧಿಕಾರಿ ಬೇರೆ, ಆರ್‌ಟಿಒ ಬೇರೆ, ಪೊಲೀಸರೂ ಬೇರೆ. ಮೂಲ್ಕಿಯಲ್ಲಿ ಪಟ್ಟಣ ಪಂಚಾಯಿತಿ. ಹಳೆಯಂಗಡಿ ದಾಟಿ ಸುರತ್ಕಲ್ ಬಂದರೆ ಮಂಗಳೂರು ಮಹಾನಗರ ಪಾಲಿಕೆ. ಕೊಟ್ಟಾರ ಚೌಕಿಯಲ್ಲಿ ಬಸ್ ಹೆದ್ದಾರಿ ಬಿಟ್ಟು ಪೇಟೆಯೊಳಗೆ ನುಗ್ಗುತ್ತದೆ. ಪೇಟೆಯ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಸಿಟಿ ಬಸ್ ಹಿಡಿಯಬೇಕು. ಅದು ಪಂಪ್‌ವೆಲ್‌ನಲ್ಲಿ ಮತ್ತೆ ಅದೇ ಹೆದ್ದಾರಿಗೆ ಬರುತ್ತದೆ. ನೇತ್ರಾವತಿ ದಾಟಿದರೆ ತೊಕ್ಕೊಟ್ಟು, ಅದು ಉಳ್ಳಾಲ ನಗರಸಭೆ. ಅಲ್ಲಿಂದ ಎಡಕ್ಕೆ ತಿರುಗಿ ದೇರಳಕಟ್ಟೆ.

ಕಟಪಾಡಿಯಿಂದ ತೊಕ್ಕೊಟ್ಟಿನವರೆಗೆ ರೈಲು ಹಳಿಯೂ ನಿಮ್ಮ ಜೊತೆಗೇ ಬರುತ್ತದೆ, ಹೆಚ್ಚು ದೂರದಲ್ಲಿಲ್ಲ. ಅದರಲ್ಲೂ ಎರಡು ಆಡಳಿತ. ತೋಕೂರಿನವರೆಗೆ ಕೊಂಕಣ ರೈಲ್ವೆ, ಆಚೆಗೆ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ. ಪಡೀಲ್‌ನಿಂದ ಹಾಸನದ ಕಡೆಗೆ ಹೋಗುವ ಹಳಿಗೆ ಮೈಸೂರು ವಿಭಾಗ.

ಒಬ್ಬ ತಾಯಿ, ಒಬ್ಬ ಮಗ, ಒಂದು ಆಸ್ಪತ್ರೆ. ಆದರೆ ಆ ಹಾಳೆಯಲ್ಲಿ ಹತ್ತಕ್ಕಿಂತ ಜಾಸ್ತಿ ಕಚೇರಿಗಳ ಹೆಸರು ಬಂತು. ಒಂದೊಂದು ಕಚೇರಿಯೂ ತನ್ನ ತುಂಡಿನ ಕೆಲಸ ಮಾಡುತ್ತಿದೆ. ಇಡೀ ಪ್ರಯಾಣ ಯಾರ ಹೊಣೆ ಅಂತ ಕೇಳಿದರೆ ಮಾತ್ರ ಆ ಹಾಳೆಯಲ್ಲಿ ಹೆಸರಿಲ್ಲ.

ಹೀಗೆ ಯಾಕಾಯಿತು? ಕಾನೂನು ಊರನ್ನು ನೋಡುವ ರೀತಿಗೂ ನಮ್ಮ ಊರು ಇರುವ ರೀತಿಗೂ ಹೊಂದಿಕೆ ಇಲ್ಲದ್ದರಿಂದ. ಕಾನೂನಿನ ಕಣ್ಣಲ್ಲಿ ನಗರ ಅಂದರೆ ನಡುವೆ ಒಂದು ಪೇಟೆ, ಸುತ್ತ ಬಡಾವಣೆ. ಬೆಂಗಳೂರು, ಮೈಸೂರು ಹಾಗೆಯೇ ಇವೆ. ನಮ್ಮದು ಹಾಗಿಲ್ಲ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಗುಡ್ಡ. ನಡುವಿನ ಪಟ್ಟಿಯಲ್ಲಿ ತಲಪಾಡಿಯಿಂದ ಕುಂದಾಪುರದ ತನಕ ಮಲ್ಲಿಗೆ ದಂಡೆಯ ಹಾಗೆ ಊರಿಗೆ ಊರು ಕಟ್ಟಿಕೊಂಡಿದೆ. ಒಂದು ಪೇಟೆ ಮುಗಿಯುವ ಮೊದಲೇ ಇನ್ನೊಂದು ಶುರು. ಓದು ಮಣಿಪಾಲದಲ್ಲಿ, ಕೆಲಸ ಬೈಕಂಪಾಡಿಯಲ್ಲಿ, ಆಸ್ಪತ್ರೆ ದೇರಳಕಟ್ಟೆಯಲ್ಲಿ, ಮದುವೆ ಹಾಲ್ ಮೂಲ್ಕಿಯಲ್ಲಿ, ಮನೆ ಶಿರ್ವದಲ್ಲಿ. ಇದು ನಮಗೆಲ್ಲ ಮಾಮೂಲಿ, ಅಲ್ವಾ?

ಈಗ ಲೆಕ್ಕ ನೋಡಿ. ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ ಹಲವು ಸ್ಥಳೀಯ ಸಂಸ್ಥೆಗಳು ಸೇರಿ ಯೋಜನೆ ಮಾಡುವ ಮಹಾನಗರ ಯೋಜನಾ ಸಮಿತಿ ಬೇಕಾಗುವುದು 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಪ್ರದೇಶಕ್ಕೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ಎಲ್ಲ ಸಾರಿಗೆಯನ್ನು ಒಂದೇ ಕಡೆ ನೋಡಿಕೊಳ್ಳುವ ಪ್ರಾಧಿಕಾರವನ್ನು 10 ಲಕ್ಷ ದಾಟಿದ ನಗರಗಳಿಗೆ ಹೇಳಿತು. 2011ರ ಜನಗಣತಿಯಲ್ಲಿ ಮಂಗಳೂರು ಮತ್ತು ಅದಕ್ಕೆ ತಾಗಿದ ಪಟ್ಟಣಗಳು ಸೇರಿ ಸುಮಾರು 6.2 ಲಕ್ಷ. ಉಡುಪಿ ಇನ್ನೂ ಚಿಕ್ಕದು. ಹಾಗಾಗಿ ಇಬ್ಬರೂ ಗೆರೆಯಿಂದ ಕೆಳಗೆ. ಆದರೆ ಅದೇ ಜನಗಣತಿಯಲ್ಲಿ ದಕ್ಷಿಣ ಕನ್ನಡದಲ್ಲಿ 20.9 ಲಕ್ಷ, ಉಡುಪಿ ಜಿಲ್ಲೆಯಲ್ಲಿ 11.8 ಲಕ್ಷ ಜನ. ಎರಡೂ ಸೇರಿದರೆ 32 ಲಕ್ಷ ದಾಟುತ್ತದೆ. ಒಂದು ಮಹಾನಗರದಷ್ಟು ಜನ ದಿನಾ ಒಂದೇ ರಸ್ತೆಗೆ ಬಂದು ಸೇರುತ್ತಿದ್ದಾರೆ. ಕಾಗದದ ಮೇಲೆ ಮಾತ್ರ ಅಲ್ಲಿ ಯಾವ ಮಹಾನಗರವೂ ಇಲ್ಲ.

ಭೂಬಳಕೆಯ ಯೋಜನೆಯಲ್ಲೂ ಇದೇ ಕಥೆ. ಮಂಗಳೂರಿಗೆ ನಗರಾಭಿವೃದ್ಧಿ ಪ್ರಾಧಿಕಾರ, ಉಡುಪಿಗೆ ಇನ್ನೊಂದು, ಕಾಪುವಿಗೆ ಬೇರೆ ಯೋಜನಾ ಪ್ರಾಧಿಕಾರ, ಕುಂದಾಪುರಕ್ಕೆ, ಕಾರ್ಕಳಕ್ಕೆ, ಮೂಡುಬಿದಿರೆಗೆ ಬೇರೆ ಬೇರೆ. ಒಬ್ಬರ ಮಾಸ್ಟರ್ ಪ್ಲಾನ್ ಅವರ ಗಡಿಯಲ್ಲಿ ನಿಂತುಬಿಡುತ್ತದೆ. ಹೆದ್ದಾರಿ ಬದಿಯಲ್ಲಿ ದೊಡ್ಡ ಲೇಔಟಿಗೆ ಒಬ್ಬರು ಅನುಮತಿ ಕೊಟ್ಟರೆ, ಅಲ್ಲಿಂದ ಹೊರಡುವ ವಾಹನಗಳು ಹತ್ತು ಕಿಲೋಮೀಟರ್ ಆಚೆ ಇನ್ನೊಬ್ಬರ ಸರ್ಕಲ್‌ನಲ್ಲಿ ಸಾಲು ನಿಲ್ಲುತ್ತವೆ.

ಏನೂ ಆಗಿಲ್ಲ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಹೆದ್ದಾರಿ ನಾಲ್ಕು ಪಥವಾಗಿದೆ. ಸುಮಾರು ಹತ್ತು ವರ್ಷ ಎಳೆದರೂ ಪಂಪ್‌ವೆಲ್ ಮೇಲ್ಸೇತುವೆ 2020ರ ಜನವರಿ 31ರಂದು ತೆರೆಯಿತು. ಸುರತ್ಕಲ್‌ನ ಟೋಲ್ ಸಂಗ್ರಹ 2022ರ ಡಿಸೆಂಬರ್ 1ರಿಂದ ನಿಂತಿತು. ಅದು ಎರಡೂ ಜಿಲ್ಲೆಯ ಜನ ಸೇರಿ ಹೋರಾಡಿದ್ದರಿಂದ ಆದದ್ದು, ಮರೆಯಬಾರದು. ಕೊಂಕಣ ರೈಲ್ವೆಯ ಇಡೀ ಮಾರ್ಗ ವಿದ್ಯುದೀಕರಣವಾಗಿ 2022ರ ಜೂನ್‌ನಲ್ಲಿ ಲೋಕಾರ್ಪಣೆಯಾಯಿತು. 2023ರ ಡಿಸೆಂಬರ್ 30ಕ್ಕೆ ಮಂಗಳೂರು–ಮಡಗಾಂವ್ ವಂದೇ ಭಾರತ್ ಬಂತು. ಸ್ಮಾರ್ಟ್ ಸಿಟಿ ಹಣದಲ್ಲಿ ಮಂಗಳೂರು ಪೇಟೆಯ ಹಲವು ಕಡೆ ನಡೆಯಲು ಆಗುವಂಥ ಫುಟ್‌ಪಾತ್ ಆಯಿತು. ಎರಡೂ ಊರಿನ ಖಾಸಗಿ ಸಿಟಿ ಬಸ್‌ಗಳಲ್ಲಿ ಟಿಕೆಟಿಗೆ ನಗದಿನ ಬದಲು ಬಳಸುವ ಚಲೋ ಕಾರ್ಡ್ ಬಂತು. ಮೊಬೈಲ್‌ನಲ್ಲಿ ಬಸ್ ಎಲ್ಲಿದೆ ಅಂತ ನೋಡುವಂತಾಯಿತು. ಇದು ನನಗೆ ತುಂಬ ಮುಖ್ಯ ಅನಿಸುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಕೆಲಸಗಳನ್ನು ಒಟ್ಟಿಗೆ ನೋಡಿದರೆ ಒಂದು ಗೊತ್ತಾಗುತ್ತದೆ. ಒಂದೇ ಇಲಾಖೆಯ ಕೈಯಲ್ಲಿ ಮುಗಿಯುವ ಕೆಲಸ ಆಗಿದೆ. ಇಬ್ಬರು ಕೈಜೋಡಿಸಬೇಕಾದ ಕಡೆ ತಡವಾಗಿದೆ. ಉಡುಪಿಯ ಇಂದ್ರಾಳಿ ಸೇತುವೆಯನ್ನೇ ನೋಡಿ. ಮೇಲೆ ಮಲ್ಪೆ–ತೀರ್ಥಹಳ್ಳಿ ಹೆದ್ದಾರಿ, ಕೆಳಗೆ ಕೊಂಕಣ ರೈಲ್ವೆ. ಮಣಿಪಾಲಕ್ಕೆ ಹೋಗುವವರಿಗೆ, ಅದರಲ್ಲೂ ಆಂಬುಲೆನ್ಸ್‌ಗಳಿಗೆ, ಅದೇ ಮುಖ್ಯ ದಾರಿ. ಆ ಒಂದು ಸೇತುವೆಗೆ ವರ್ಷಗಟ್ಟಲೆ ಕಾಯಬೇಕಾಯಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಮೊದಲು ಏನಾಗಬೇಕು ಅನ್ನುವುದು.

ತುಂಬ ಜನ ಹೇಳುವುದು, ನಮಗೂ ಬೆಂಗಳೂರಿನ ಹಾಗೆ ಭೂಸಾರಿಗೆ ಪ್ರಾಧಿಕಾರ ಬೇಕು ಅಂತ. ಬೆಂಗಳೂರಿಗೆ 2022ರಲ್ಲಿ ಅಂಥ ಕಾಯ್ದೆ ಆಗಿದೆ. ಕೇರಳ 2019ರಲ್ಲೇ ಕಾಯ್ದೆ ಮಾಡಿ ಮರುವರ್ಷ ಕೊಚ್ಚಿಯಲ್ಲಿ ಶುರು ಮಾಡಿತು. ನಮಗೂ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಕಾಯ್ದೆ, ಕಟ್ಟಡ, ಹುದ್ದೆ, ಹಣ ಎಲ್ಲ ಆಗುವಾಗ ನಿಮ್ಮ ತಾಯಿಗೆ ಇನ್ನೆಷ್ಟು ವರ್ಷ ಮೂರು ಬಸ್ ಹತ್ತಿಸುತ್ತೀರಿ? ಅದಕ್ಕೇ ನಾನು ಬೇರೆ ಕಡೆಯಿಂದ ಶುರು ಮಾಡಬೇಕು ಅಂತೇನೆ. ಬೇಕಾದ ಅಧಿಕಾರದ ದೊಡ್ಡ ಪಾಲು ಈಗಾಗಲೇ ಇದೆ. ಅದು ಬಸ್ ಪರ್ಮಿಟ್‌ನಲ್ಲಿದೆ.

ನಮ್ಮ ಕರಾವಳಿ ರಾಜ್ಯದ ಬೇರೆ ಭಾಗದ ಹಾಗಲ್ಲ. ಇಲ್ಲಿ ಊರೂರಿಗೆ ಬಸ್ ತಂದದ್ದು ಖಾಸಗಿಯವರು. ಸಿಪಿಸಿ ಅನ್ನುವ ಖಾಸಗಿ ಬಸ್ ಕಂಪನಿ 1914ರಲ್ಲೇ ಹುಟ್ಟಿತ್ತು. ಇವತ್ತಿಗೂ ಸಿಟಿ ಬಸ್, ಸರ್ವಿಸ್ ಬಸ್, ಎಕ್ಸ್‌ಪ್ರೆಸ್ ಅಂತ ನಾವು ಹತ್ತುವುದರಲ್ಲಿ ಹೆಚ್ಚಿನವು ಖಾಸಗಿ. ಅವು ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ, ದಿನಕ್ಕೆ ಎಷ್ಟು ಟ್ರಿಪ್ ಅಂತ ತೀರ್ಮಾನಿಸುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಅಂದರೆ ಆರ್‌ಟಿಎ. ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ. 1988ರ ಮೋಟಾರು ವಾಹನ ಕಾಯ್ದೆಯ 72ನೇ ಸೆಕ್ಷನ್ ನೋಡಿದರೆ, ಪರ್ಮಿಟ್ ಕೊಡುವಾಗ ವೇಳಾಪಟ್ಟಿ, ಕನಿಷ್ಠ ಮತ್ತು ಗರಿಷ್ಠ ಟ್ರಿಪ್, ಎಲ್ಲೆಲ್ಲಿ ಜನ ಹತ್ತಿಸಿ ಇಳಿಸಬೇಕು, ಇವೆಲ್ಲವನ್ನೂ ಷರತ್ತಾಗಿ ಹಾಕುವ ಅಧಿಕಾರ ಆರ್‌ಟಿಎಗೆ ಇದೆ. ಬಸ್ ಎಲ್ಲಿ ನಿಲ್ಲಬೇಕು ಅಂತ ಸ್ಥಳೀಯ ಸಂಸ್ಥೆಯ ಜೊತೆ ಮಾತಾಡಿ ಗುರುತಿಸಲು 117ನೇ ಸೆಕ್ಷನ್ ಇದೆ. ರಸ್ತೆ ಮತ್ತು ರೈಲು ಸಾರಿಗೆಯನ್ನು ಹೊಂದಿಸುವ ಬಗ್ಗೆ ಸರ್ಕಾರ ನಿರ್ದೇಶನ ಕೊಡಲು 67ನೇ ಸೆಕ್ಷನ್ ಇದೆ. ಇನ್ನೇನು ಬೇಕು? ಸಾರಿಗೆ ಯೋಜನೆ ಅಂದರೆ ಮುಕ್ಕಾಲು ಪಾಲು ಇದೇ.

ತೊಂದರೆ ಇರುವುದು ಈ ಅಧಿಕಾರವನ್ನು ಬಳಸುವ ರೀತಿಯಲ್ಲಿ. ಸಭೆಗೆ ಬರುವುದು ಒಂದೊಂದೇ ಅರ್ಜಿ. ಈ ಬಸ್ಸಿಗೆ ಈ ಟೈಮಿಂಗ್ ಕೊಡಬಹುದಾ? ಮುಂದಿನ ಬಸ್ಸಿನವರ ಆಕ್ಷೇಪ ಇದೆಯಾ? ಎರಡು ನಿಮಿಷ ಹಿಂದೆ ಹಾಕಿದರೆ ಆಗುತ್ತದಾ? ಜಗಳ ಇಬ್ಬರು ಮಾಲೀಕರ ನಡುವೆ. ಶಿರ್ವದಿಂದ ದೇರಳಕಟ್ಟೆಗೆ ಹೋಗುವವರು ಆ ಕೋಣೆಯಲ್ಲಿ ಇರುವುದೇ ಇಲ್ಲ. ಅವರ ಪರವಾಗಿ ನಕ್ಷೆ ಹಿಡಿದು ಕೂರುವವರೂ ಇಲ್ಲ. ಅರ್ಜಿ ಇದ್ದಲ್ಲಿ ಬಸ್, ಅರ್ಜಿ ಇಲ್ಲದಲ್ಲಿ ಬಸ್ ಇಲ್ಲ.

ಹೀಗಾಗಿಯೇ ಬಹುತೇಕ ಎಲ್ಲ ಬಸ್ಸೂ ಸ್ಟೇಟ್‌ಬ್ಯಾಂಕ್‌ಗೆ ಹೋಗಿ ಮುಗಿಯುತ್ತದೆ. ಕಲೆಕ್ಷನ್ ಅಲ್ಲಿ ಜಾಸ್ತಿ, ಹಾಗಾಗಿ ಅರ್ಜಿಯೂ ಅಲ್ಲಿಗೇ. ಒಂದು ಸಲ ಯೋಚಿಸಿ. ನಿಮ್ಮ ಬಸ್ ಕೊಟ್ಟಾರದಲ್ಲಿ ಪೇಟೆಗೆ ತಿರುಗದೆ ಹೆದ್ದಾರಿಯಲ್ಲೇ ಕುಂಟಿಕಾನ, ಕೆಪಿಟಿ, ನಂತೂರು, ಪಂಪ್‌ವೆಲ್, ತೊಕ್ಕೊಟ್ಟು ಅಂತ ನೇರ ಹೋಗಿ ದೇರಳಕಟ್ಟೆ ತಲುಪಿದರೆ? ಉಡುಪಿ, ಕಾಪು, ಮೂಲ್ಕಿ, ಸುರತ್ಕಲ್ ಕಡೆಯಿಂದ ಆಸ್ಪತ್ರೆಗೂ ಕಾಲೇಜಿಗೂ ಬರುವವರು ಅದರಲ್ಲಿ ತುಂಬುತ್ತಾರೆ. ಲೇಡಿಹಿಲ್‌ನಿಂದ ಹಂಪನಕಟ್ಟೆಯವರೆಗೆ ಪೇಟೆಯ ಒತ್ತಡವೂ ಸ್ವಲ್ಪ ಇಳಿಯುತ್ತದೆ. ಇದಕ್ಕೆ ಒಂದು ಲೋಡ್ ಕಾಂಕ್ರೀಟೂ ಬೇಡ. ಎರಡು ಜಿಲ್ಲೆಯ ಆರ್‌ಟಿಎ ಒಟ್ಟಿಗೆ ಕೂತು ಇಂಥ ನಾಲ್ಕೈದು ನೇರ ರೂಟ್ ತಾವೇ ಗುರುತಿಸಿ, ಅದಕ್ಕೆ ಅರ್ಜಿ ಕರೆದರೆ ಸಾಕು. ನನ್ನ ಮಟ್ಟಿಗೆ ಮೊದಲ ಆದ್ಯತೆ ಇದು.

ಎರಡು ಜಿಲ್ಲೆ ಅಂದದ್ದಕ್ಕೆ ಕಾರಣ ಇದೆ. ಒಂದು ಪ್ರದೇಶದ ಪರ್ಮಿಟ್ ಇನ್ನೊಂದು ಪ್ರದೇಶದಲ್ಲಿ ನಡೆಯಬೇಕಾದರೆ ಅಲ್ಲಿನ ಪ್ರಾಧಿಕಾರದ ಮೇಲುಸಹಿ ಬೇಕು ಅಂತ 88ನೇ ಸೆಕ್ಷನ್ ಹೇಳುತ್ತದೆ. ಮಂಗಳೂರಿನವರನ್ನು ಕೇಳಿ ಅಂತ ಆರ್‌ಟಿಒದಲ್ಲಿ ನಿಮಗೆ ಹೇಳಿದ್ದು ಸುಮ್ನೆ ಸಾಗಹಾಕಲು ಮಾತ್ರ ಅಲ್ಲ, ಅದರ ಹಿಂದೆ ಇದೂ ಇದೆ. ಆದರೆ ಪ್ರದೇಶ ಅಂದರೆ ಯಾವುದು ಅಂತ ತೀರ್ಮಾನಿಸುವುದು ರಾಜ್ಯ ಸರ್ಕಾರದ ಅಧಿಸೂಚನೆ. 1997ರ ಆಗಸ್ಟ್ 25ರ ತನಕ ನಮ್ಮದು ಒಂದೇ ಜಿಲ್ಲೆ, ಜಿಲ್ಲಾಧಿಕಾರಿಯೂ ಒಬ್ಬರೇ. ನಮ್ಮ ಎಷ್ಟೋ ಬಸ್ ರೂಟ್‌ಗಳು ಉಡುಪಿ ಜಿಲ್ಲೆಗಿಂತ ಹಳೆಯವು. ಶಾಂಭವಿ ದಾಟುವ ರೂಟ್‌ಗಳಿಗಾದರೂ ಎರಡೂ ಕಡೆಯವರ ಜಂಟಿ ಸಭೆ, ಮೂರು ತಿಂಗಳಿಗೊಮ್ಮೆ ಆದರೂ ಸಾಕು, ಮಾಡಲು ಕಷ್ಟ ಏನಿದೆ?

ಎರಡನೆಯದು ನೀವೇ ಬರೆದ ಸಂಜೆಯ ವಿಷಯ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಒಳಗಿನ ರೂಟ್‌ಗಳಲ್ಲಿ ರಾತ್ರಿ ಎಂಟರ ನಂತರ ಬಸ್ ಇಲ್ಲ. ಭಾನುವಾರ ಟ್ರಿಪ್ ಕಟ್. ಕೆಲವು ಕಡೆ ಪರ್ಮಿಟ್‌ನಲ್ಲಿ ಟ್ರಿಪ್ ಇರುತ್ತದೆ, ರಸ್ತೆಯಲ್ಲಿ ಬಸ್ ಇರುವುದಿಲ್ಲ. ಮಾಲೀಕರ ಕಷ್ಟ ನನಗೆ ಗೊತ್ತು. ಡೀಸೆಲ್, ತೆರಿಗೆ, ವಿಮೆ, ಸಿಬ್ಬಂದಿಯ ಕೊರತೆ ಇವೆಲ್ಲ ನಿಜ. ಕೊನೆಯ ಟ್ರಿಪ್‌ನಲ್ಲಿ ಎಂಟು ಜನ ಇದ್ದರೆ ನಷ್ಟವೇ. ಆದರೆ ಆ ಎಂಟು ಜನರಲ್ಲಿ ಬಟ್ಟೆ ಅಂಗಡಿ ಬಾಗಿಲು ಹಾಕಿ ಬರುವ ಹುಡುಗಿ ಇರುತ್ತಾಳೆ, ಸಂಜೆ ಪಾಳಿ ಮುಗಿಸಿದ ನರ್ಸ್ ಇರುತ್ತಾರೆ. ರಾತ್ರಿ ಬಸ್ ಇಲ್ಲ ಅಂತ ಗೊತ್ತಾದ ದಿನ ಮನೆಯವರು ಸಾಲ ಮಾಡಿ ಸ್ಕೂಟರ್ ತರುತ್ತಾರೆ. ಆಮೇಲೆ ಬೆಳಗ್ಗೆಯೂ ಅವರು ಬಸ್ ಹತ್ತುವುದಿಲ್ಲ. ಕೊನೆಯ ಟ್ರಿಪ್ ಹೋದರೆ ಬಸ್ಸಿಗೆ ಮೊದಲ ಟ್ರಿಪ್ಪಿನ ಜನವೂ ಹೋಗುತ್ತಾರೆ. ಇದನ್ನು ಮಾಲೀಕರೂ ಗಮನಿಸಬೇಕು.

ಇಲ್ಲೇ ನಾನು ಚಲೋ ವಿಷಯ ಹೇಳಿದ್ದು. ಬಸ್ಸಿನಲ್ಲಿ ಜಿಪಿಎಸ್ ಇದ್ದರೆ ಯಾವ ಟ್ರಿಪ್ ನಡೆಯಿತು, ಯಾವುದು ನಡೆಯಲಿಲ್ಲ ಅನ್ನುವುದಕ್ಕೆ ದಾಖಲೆ ತಾನಾಗಿ ಸಿಗುತ್ತದೆ. ಆ ದಾಖಲೆಯನ್ನು ಆರ್‌ಟಿಎ ಕೇಳಿ ಪಡೆಯಬೇಕು. ಪರ್ಮಿಟ್‌ನ ಜೊತೆ ಇಟ್ಟು ನೋಡಬೇಕು. ಯಾವ ಟ್ರಿಪ್ ನಿಜವಾಗಿಯೂ ನಷ್ಟದ್ದು ಅಂತ ತೋರಿದರೆ ಅದಕ್ಕೆ ಸ್ಥಳೀಯ ಸಂಸ್ಥೆಗಳು ಸೇರಿ ಸಣ್ಣ ನೆರವು ಕೊಡಬಹುದು, ಇಲ್ಲ ಸರ್ಕಾರಿ ಬಸ್ ಹಾಕಬಹುದು. ದಾಖಲೆ ಇಲ್ಲದೆ ಮಾತಾಡಿದರೆ ಮಾಲೀಕರು ಒಂದು ಹೇಳುತ್ತಾರೆ, ಪ್ರಯಾಣಿಕರು ಇನ್ನೊಂದು ಹೇಳುತ್ತಾರೆ, ಸಭೆ ಮುಗಿಯುತ್ತದೆ. ಅಂಥ ಸಭೆಗಳಲ್ಲಿ ನಾನೂ ಕೂತಿದ್ದೇನೆ. ಹೊರಗೆ ಬರುವಾಗ ಬೇಸರ ಆಗುತ್ತದೆ.

ಸರ್ಕಾರಿ ಬಸ್ ಅಂದಾಗ ಶಕ್ತಿ ಯೋಜನೆಯ ಮಾತು ಬರಲೇಬೇಕು. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಉಚಿತ ಪ್ರಯಾಣ. ಘಟ್ಟದ ಮೇಲೆ ಅದು ಮನೆ ಮನೆಗೆ ತಲುಪಿತು. ನಮ್ಮಲ್ಲಿ ಸರ್ಕಾರಿ ಬಸ್ಸೇ ಇಲ್ಲದ ಊರು ಎಷ್ಟೋ. ಶಿರ್ವದ ಹೆಂಗಸರಿಗೂ ಹಾಸನದ ಹೆಂಗಸರಿಗೂ ಹಕ್ಕು ಒಂದೇ, ಸಿಕ್ಕಿದ್ದು ಒಂದೇ ಅಲ್ಲ. ಕೇಂದ್ರದ ನರ್ಮ್ ಯೋಜನೆಯ ಸರ್ಕಾರಿ ಸಿಟಿ ಬಸ್‌ಗಳು ಬಂದಾಗ ಉಡುಪಿಯಲ್ಲೂ ಮಂಗಳೂರಲ್ಲೂ ಎಷ್ಟು ಖುಷಿಪಟ್ಟಿದ್ದೆವು, ನೆನಪಿದೆಯಾ? ಹೊಸ ಸರ್ಕಾರಿ ಬಸ್ ಬರುವುದಾದರೆ ಖಾಸಗಿ ಬಸ್ ತುಂಬಿ ಓಡುವ ಹೆದ್ದಾರಿಯಲ್ಲೇ ಇನ್ನೊಂದು ಬಸ್ ಅಂತ ಆಗಬಾರದು. ಶಿರ್ವ, ಬೆಳ್ಮಣ್, ಮುಂಡ್ಕೂರು, ಕಿನ್ನಿಗೋಳಿ ಕಡೆಗೆ, ರಾತ್ರಿಯ ಹೊತ್ತಿಗೆ ಮೊದಲು ಬರಲಿ. ಎಲೆಕ್ಟ್ರಿಕ್ ಬಸ್ ಕೊಡುವ ಕೇಂದ್ರದ ಪಿಎಂ ಇ-ಬಸ್ ಸೇವೆ 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ನಗರಗಳಿಗೆ ಅಂತ ಇದೆ. ಮಂಗಳೂರು ಅದರೊಳಗೆ ಬರುತ್ತದೆ, ಉಡುಪಿ ಬರುವುದಿಲ್ಲ. ನೋಡಿ, ಮತ್ತೆ ಅದೇ ಜನಸಂಖ್ಯೆಯ ಗೆರೆ. ಎರಡು ಊರು ಸೇರಿ ಒಂದು ಯೋಜನೆ ಇದ್ದಿದ್ದರೆ ಕೇಳುವ ರೀತಿಯೇ ಬೇರೆ ಇರುತ್ತಿತ್ತು.

ಇನ್ನು ನಿಲ್ದಾಣಗಳು. ಮಂಗಳೂರಿನಲ್ಲಿ ಖಾಸಗಿ ಬಸ್ ಸ್ಟೇಟ್‌ಬ್ಯಾಂಕ್‌ನಲ್ಲಿ, ಕೆಎಸ್‌ಆರ್‌ಟಿಸಿ ಬಿಜೈಯಲ್ಲಿ, ಸೆಂಟ್ರಲ್ ರೈಲು ನಿಲ್ದಾಣ ಅತ್ತಾವರದ ಬಳಿ, ಜಂಕ್ಷನ್ ಪಡೀಲ್ ಕಡೆ. ಉಡುಪಿಯಲ್ಲಿ ಸಿಟಿ ಮತ್ತು ಸರ್ವಿಸ್ ಬಸ್ ಸ್ಟ್ಯಾಂಡ್ ಪೇಟೆಯಲ್ಲಿ, ಕೆಎಸ್‌ಆರ್‌ಟಿಸಿ ಬನ್ನಂಜೆಯಲ್ಲಿ, ರೈಲು ಇಂದ್ರಾಳಿಯಲ್ಲಿ. ರಾತ್ರಿ ರೈಲು ಇಳಿದವರು ಬ್ಯಾಗ್ ಹಿಡಿದು ರಿಕ್ಷಾದವರ ಜೊತೆ ಚೌಕಾಸಿ ಮಾಡುವುದು ನಮ್ಮೂರ ಸ್ವಾಗತ ಆಗಬಾರದಿತ್ತು. ಇವುಗಳನ್ನು ಒಂದೇ ಕಡೆಗೆ ತರುವುದು ದೊಡ್ಡ ಕೆಲಸ. ರೈಲಿನ ಸಮಯಕ್ಕೆ ಸರಿಯಾಗಿ ಒಂದು ಬಸ್ ಇವನ್ನೆಲ್ಲ ಮುಟ್ಟಿಕೊಂಡು ಹೋಗುವಂತೆ ಮಾಡುವುದು ಅಷ್ಟು ದೊಡ್ಡದಲ್ಲ.

ಹೆದ್ದಾರಿಯ ಬಸ್ ನಿಲುಗಡೆ ಇನ್ನೂ ತುರ್ತಿನದ್ದು. ನಾಲ್ಕು ಪಥ ಮಾಡಿದರು, ಸರ್ವಿಸ್ ರಸ್ತೆ ಅಲ್ಲಲ್ಲಿ ತುಂಡಾಗಿದೆ. ಎಕ್ಸ್‌ಪ್ರೆಸ್ ಬಸ್ ವೇಗದಲ್ಲಿ ಬಂದು ಹೆದ್ದಾರಿಯಲ್ಲೇ ನಿಲ್ಲುತ್ತದೆ, ಹಿಂದಿನ ಲಾರಿ ಬ್ರೇಕ್ ಹಾಕುತ್ತದೆ, ಎದುರು ಬದಿಗೆ ಹೋಗಬೇಕಾದವರು ಡಿವೈಡರ್ ಹತ್ತುತ್ತಾರೆ. ನನ್ನ ಸಂಬಂಧಿಕರೊಬ್ಬರು ಹೀಗೆ ದಾಟುವಾಗ ಬಿದ್ದು ಮೂರು ತಿಂಗಳು ಮಲಗಿದ್ದರು. ಆಗ ನಾನು ಹತ್ತಿರದ ಕಚೇರಿಯೊಂದಕ್ಕೆ ಹೋಗಿ ಅಲ್ಲಿ ದಾಟಲು ಜಾಗ ಮಾಡಿ ಅಂದೆ. ರಸ್ತೆ ನಮ್ಮದಲ್ಲ ಅಂದರು. ರಸ್ತೆಯವರ ಬಳಿ ಹೋದೆ. ನಿಲ್ದಾಣ ನಮ್ಮದಲ್ಲ ಅಂದರು. ನಿಮ್ಮ ಪತ್ರ ನನ್ನ ಮನಸ್ಸಿಗೆ ಇಷ್ಟು ತಾಗಿದ್ದು ಅದಕ್ಕೇ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಹೆದ್ದಾರಿ, ಪೊಲೀಸ್, ಆರ್‌ಟಿಒ, ಪಾಲಿಕೆ ಎಲ್ಲರೂ ಬರುವ ಸಭೆ ಅದು. ಪ್ರತಿ ನಿಲುಗಡೆಗೂ ಬಸ್ ಒಳಗೆ ಸರಿದು ನಿಲ್ಲುವ ಜಾಗ, ದೀಪ, ದಾಟುವ ದಾರಿ, ಈ ಮೂರು ಇದೆಯಾ ಅಂತ ತಲಪಾಡಿಯಿಂದ ಕುಂದಾಪುರದವರೆಗೆ ಒಂದೇ ಪಟ್ಟಿ ಮಾಡಿ ಎರಡೂ ಜಿಲ್ಲೆಯ ಸಮಿತಿಗಳು ಅದನ್ನೇ ಹಿಡಿದು ಕೆಲಸ ಮಾಡಬೇಕು. ಗಡಿಯ ಆಚೆ ಕಾಸರಗೋಡಿನ ಕಡೆಯಿಂದ ಆರು ಪಥದ ರಸ್ತೆ ತಲಪಾಡಿಗೆ ಬಂದು ಮುಟ್ಟಿದೆ. ಅಲ್ಲಿಂದ ವೇಗವಾಗಿ ಬರುವ ವಾಹನಗಳು ನಮ್ಮ ನಾಲ್ಕು ಪಥಕ್ಕೆ, ನಮ್ಮ ನಿಲುಗಡೆಗಳಿಗೆ ಬಂದು ಸೇರುತ್ತವೆ. ಇದನ್ನು ಮುಂದೂಡುವ ಹಾಗಿಲ್ಲ.

ರೈಲಿನ ಬಗ್ಗೆ ನನಗೆ ಆಸೆ ದೊಡ್ಡದು, ಭರವಸೆ ಸ್ವಲ್ಪ ಕಮ್ಮಿ. ಮಂಗಳೂರು–ಉಡುಪಿ ನಡುವೆ ಮೊದಲ ಪ್ಯಾಸೆಂಜರ್ ಓಡಿದ್ದು 1993ರ ಮಾರ್ಚ್‌ನಲ್ಲಿ. ಅಷ್ಟು ವರ್ಷ ಆದರೂ ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವವರಿಗೆ ಹೊಂದುವ ಲೋಕಲ್ ರೈಲು ಬೇಕಾದಷ್ಟು ಇಲ್ಲ. ಹಳಿ ಒಂದೇ, ದೂರದ ಗಾಡಿ ಮತ್ತು ಗೂಡ್ಸ್ ಬಂದರೆ ಲೋಕಲ್ ಬದಿಗೆ ನಿಲ್ಲಬೇಕು. ಸುರತ್ಕಲ್, ಮೂಲ್ಕಿ, ನಂದಿಕೂರು, ಪಡುಬಿದ್ರಿ, ಇನ್ನಂಜೆ, ಉಡುಪಿ ಅಂತ ನಿಲ್ದಾಣಗಳು ಈಗಾಗಲೇ ಇವೆ, ವಿದ್ಯುತ್ ಕೂಡ ಬಂದಿದೆ. ಬೆಳಗ್ಗೆ ಎರಡು, ಸಂಜೆ ಎರಡು ಮೆಮು, ಅಂದರೆ ವಿದ್ಯುತ್ತಿನ ಲೋಕಲ್ ರೈಲು, ಸಿಕ್ಕಿದರೂ ನಿಮ್ಮಂಥ ಸಾವಿರಾರು ಜನರಿಗೆ ಉಪಕಾರ. ಇನ್ನಂಜೆ ನಿಮಗೆ ದೂರವಿಲ್ಲ. ಆದರೆ ಎರಡು ರೈಲ್ವೆಗಳ ಮುಂದೆ ಎರಡು ಜಿಲ್ಲೆ ಬೇರೆ ಬೇರೆಯಾಗಿ ಮನವಿ ಕೊಟ್ಟರೆ ಅದು ಎರಡು ಕಾಗದ ಅಷ್ಟೇ. ಯಾವ ನಿಲ್ದಾಣದಲ್ಲಿ ಎಷ್ಟು ಹೊತ್ತಿಗೆ ಎಷ್ಟು ಜನ, ನಿಲ್ದಾಣದಿಂದ ಮುಂದೆ ಬಸ್ ಯಾವುದು ಅಂತ ಲೆಕ್ಕ ಸಮೇತ ಒಟ್ಟಿಗೆ ಕೇಳಿದರೆ ಅದಕ್ಕೆ ತೂಕ ಬರುತ್ತದೆ.

ಮಳೆಗಾಲದ ಮಾತೂ ಹೇಳಬೇಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಕೂಳೂರು, ಪಾವಂಜೆ, ಮೂಲ್ಕಿ, ಉದ್ಯಾವರ ಹೀಗೆ ಸೇತುವೆ ಮೇಲೆ ಸೇತುವೆ ದಾಟಿಯೇ ಹೋಗಬೇಕು. ಒಂದು ಕಡೆ ಕೆಟ್ಟರೆ ಇಡೀ ಸಾಲು ನಿಲ್ಲುತ್ತದೆ. ಅದಕ್ಕೇ ಬಜಪೆ, ಕಟೀಲು, ಕಿನ್ನಿಗೋಳಿ, ಬೆಳ್ಮಣ್, ಶಿರ್ವ ಕಡೆಯ ಒಳದಾರಿಯನ್ನು ಎರಡನೇ ಬೆನ್ನೆಲುಬಿನ ಹಾಗೆ ಗಟ್ಟಿ ಮಾಡಬೇಕು. ವಿಮಾನ ನಿಲ್ದಾಣಕ್ಕೂ ಅದೇ ಹತ್ತಿರ. ಹೆದ್ದಾರಿಗೆ ಹಣ ಕೇಳುವಷ್ಟು ಜೋರಾಗಿ ಈ ದಾರಿಗೆ ಯಾರೂ ಕೇಳುವುದಿಲ್ಲ.

ಮೆಟ್ರೊ ಬಗ್ಗೆ ನೇರವಾಗಿ ಹೇಳುತ್ತೇನೆ. ಸದ್ಯಕ್ಕೆ ಅದನ್ನು ನಂಬಿ ಕೂರಬೇಡಿ. 2017ರ ಮೆಟ್ರೊ ನೀತಿಯ ಪ್ರಕಾರ ಮೆಟ್ರೊ ಕೇಳುವ ಮೊದಲು ಬಸ್, ಲಘು ರೈಲು ಮೊದಲಾದ ಬೇರೆ ದಾರಿಗಳನ್ನು ತೂಗಿ ನೋಡಬೇಕು, ಎಲ್ಲ ಸಾರಿಗೆಯನ್ನು ಹೊಂದಿಸುವ ಪ್ರಾಧಿಕಾರ ಮಾಡಲೂ ರಾಜ್ಯ ಒಪ್ಪಬೇಕು. ಅಂದರೆ ಮೆಟ್ರೊ ಬೇಕಾದರೂ ಮೊದಲ ಮೆಟ್ಟಿಲು ನಾವು ಮಾತಾಡುತ್ತಿರುವ ಇದೇ ಕೆಲಸ. ಜಲಸಾರಿಗೆಗೆ ನನ್ನ ಒಲವು ಸ್ವಲ್ಪ ಜಾಸ್ತಿ. ಮಂಗಳೂರಿನ ಹೊಳೆಯಾಚೆಯ ಬೆಂಗರೆಯ ಜನ ಇವತ್ತಿಗೂ ದೋಣಿಯಲ್ಲೇ ಬಂದರಿಗೆ ಬರುತ್ತಾರೆ. ಮೊದಲು ಅವರಿಗೆ ಒಳ್ಳೆ ಜೆಟ್ಟಿ, ಹೊತ್ತಿಗೆ ಸರಿಯಾದ ದೋಣಿ ಸಿಗಲಿ.

ಕೊಚ್ಚಿಯಿಂದ ನಾವು ಕಲಿಯಬೇಕಾದದ್ದು ಮೆಟ್ರೊ ಕಂಬಗಳನ್ನಲ್ಲ. ಅಲ್ಲೂ ನಮ್ಮ ಹಾಗೆ ಖಾಸಗಿ ಬಸ್ಸೇ ಜಾಸ್ತಿ, ಅಲ್ಲೂ ಟೈಮಿಂಗ್ ಜಗಳ, ರೇಸ್. ಅಲ್ಲಿನ ಬಸ್ ಮಾಲೀಕರು ಕಂಪನಿಗಳಾಗಿ ಒಟ್ಟುಗೂಡಿ ಮೆಟ್ರೊ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡರು. ಕಲೆಕ್ಷನ್ ಒಂದೇ ಕಡೆ ಸೇರಿ ಹಂಚಿಕೆಯಾದರೆ ಮುಂದಿನ ಬಸ್ಸನ್ನು ಹಿಂದಿಕ್ಕುವ ಅಗತ್ಯವೇ ಇಲ್ಲ. ನಮ್ಮ ಮಾಲೀಕರು ಒಂದೇ ಕಾರ್ಡಿಗೆ ಒಪ್ಪಿದ್ದಾರೆ. ಮುಂದಿನ ಹೆಜ್ಜೆ ಅವರಿಗೆ ಅಸಾಧ್ಯ ಅಂತ ನನಗೆ ಅನಿಸುವುದಿಲ್ಲ.

ಈಗ ನೀವು ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉಡುಪಿ ಆರ್‌ಟಿಒಗೆ ಬರೆಯಿರಿ: ಕಟಪಾಡಿ–ಶಿರ್ವ ರೂಟ್‌ನಲ್ಲಿ ಈಗ ಊರ್ಜಿತ ಇರುವ ಎಲ್ಲ ಪರ್ಮಿಟ್‌ಗಳ ವೇಳಾಪಟ್ಟಿಯ ಪ್ರತಿ ಕೊಡಿ. ಅದು ಕೈಗೆ ಬಂದ ಮೇಲೆ ಒಂದು ವಾರ, ಭಾನುವಾರವೂ ಸೇರಿ, ಸಂಜೆ ಆರರಿಂದ ಒಂಬತ್ತರವರೆಗೆ ಕಟಪಾಡಿ ಸ್ಟಾಪ್‌ನಲ್ಲಿ ನಿಮ್ಮೂರಿನ ಇಬ್ಬರು ನಿಂತು ಯಾವ ಬಸ್ ಬಂತು, ಯಾವುದು ಬರಲಿಲ್ಲ ಅಂತ ಗುರುತು ಹಾಕಿಕೊಳ್ಳಿ. ಎಷ್ಟು ಜನ ಕಾಯುತ್ತಿದ್ದರು ಅನ್ನುವುದನ್ನೂ ಬರೆಯಿರಿ. ಆ ಪಟ್ಟಿಯನ್ನು ಶಿರ್ವ ಮತ್ತು ಕಟಪಾಡಿಯ ಗ್ರಾಮಸಭೆಯಲ್ಲಿ ಇಟ್ಟು ಠರಾವು ಮಾಡಿಸಿ. ಠರಾವಿನ ಪ್ರತಿಯ ಜೊತೆ ಉಡುಪಿ ಜಿಲ್ಲಾಧಿಕಾರಿಗಳಿಗೆ, ಆರ್‌ಟಿಎ ಅಧ್ಯಕ್ಷರು ಅಂತಲೇ ಸಂಬೋಧಿಸಿ, ಕೊಡಿ. ಅದರಲ್ಲೇ ದೇರಳಕಟ್ಟೆಯ ನೇರ ಬಸ್ಸನ್ನೂ ಕೇಳಿ, ಇನ್ನೊಂದು ಪ್ರತಿ ಮಂಗಳೂರಿನ ಜಿಲ್ಲಾಧಿಕಾರಿಗಳಿಗೂ ಹೋಗಲಿ. ಪಟ್ಟಿ ತಯಾರಾದಾಗ ನನಗೂ ಕಳಿಸಿ, ಅರ್ಜಿ ಬರೆಯಲು ನಾನು ಜೊತೆಗಿರುತ್ತೇನೆ.